ಪಾಠ: ಚುನಾವಣೆ ದುಡ್ಡಿಗೆ ಲೆಕ್ಕ ಕೇಳುವವರು ಯಾರು?



ಸಂಘದ ಪುಸ್ತಕಗಳನ್ನು ಹೇಗೆ ಬರೆಯಬೇಕು ಎಂಬುದು ನಮಗೆಲ್ಲ ಗೊತ್ತಿದೆ. ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಖಾತೆ, ಸಾಲದ ಖಾತೆ, ಸದಸ್ಯರ ಪಾಸ್ ಬುಕ್, ರಸೀದಿ, ವೋಚರ್ – ಇವು ಸರಿ ಇದ್ದರೆ ಸಂಘ ಸರಿ ಇರುತ್ತದೆ. ವಾರಕ್ಕೆ ಇಪ್ಪತ್ತು ರೂಪಾಯಿ ಕಟ್ಟುವ ನಮಗೇ ಇಷ್ಟು ಲೆಕ್ಕ ಇದೆ. ಹಾಗಾದರೆ ನಮ್ಮನ್ನು ಆಳುವವರು ಚುನಾವಣೆಗೆ ಸುರಿಯುವ ದುಡ್ಡಿಗೆ ಲೆಕ್ಕ ಇದೆಯಾ? ಇದ್ದರೆ ಅದನ್ನು ಯಾರು ನೋಡ್ತಾರೆ? ತಪ್ಪಿದರೆ ಯಾರು ಕೇಳ್ತಾರೆ? ಈ ಪಾಠದಲ್ಲಿ ಇದನ್ನು ತಿಳಿದುಕೊಳ್ಳೋಣ.

ಒಂದು ಸಂಘದಲ್ಲಿ ನಡೆದದ್ದು

ಹೊಸದುರ್ಗದ ಕಡೆಯ ಒಂದು ಸಂಘ. ಊರಿನ ಹೆಸರು ಬೇಡ. ಚುನಾವಣೆಗೆ ಹದಿನೈದು ದಿನ ಇತ್ತು. ವಾರದ ಸಭೆ ನಡೆಯುವಾಗ ಇಬ್ಬರು ಬಂದು ಚಾಪೆ ಮೇಲೆ ಒಂದು ಕವರ್ ಇಟ್ಟರು. "ಅಕ್ಕೋರೇ, ಸಂಘಕ್ಕೆ ಅಣ್ಣೋರು ಕಾಣಿಕೆ ಕಳ್ಸಿದಾರೆ. ಹತ್ತು ಸಾವಿರ ಐತೆ. ನೀವೆಲ್ಲ ನಮ್ಮನ್ನ ಮರೀಬಾರ್ದು" ಅಂದರು.

ಯಾರೂ ಮಾತಾಡಲಿಲ್ಲ. ಆಗ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ, ಹೆಬ್ಬೆಟ್ಟು ಒತ್ತುವವರು, ಪುಸ್ತಕ ಬರೆಯುವ ಹುಡುಗಿಯನ್ನು ಕೇಳಿದರು: "ಇದನ್ನ ಯಾವ ಕಾಲಮ್ಮಿನಾಗೆ ಬರೀತೀಯಮ್ಮ?"

ಹುಡುಗಿ ಪುಸ್ತಕ ನೋಡಿದಳು. ಉಳಿತಾಯ ಅಲ್ಲ. ಸಾಲದ ಮರುಪಾವತಿ ಅಲ್ಲ. ಬಡ್ಡಿ ಅಲ್ಲ, ದಂಡವೂ ಅಲ್ಲ. "ದೇಣಿಗೆ ಅಂತ ಬರೀಬಹುದು, ಆದ್ರೆ ರಸೀದಿ ಕೊಡಬೇಕು. ಯಾರ ಹೆಸರಿಗೆ ಬರೀಲಿ ಅಣ್ಣ?" ಎಂದು ಕೇಳಿದಳು. ಬಂದವರು ನಕ್ಕು, "ರಸೀದಿ ಗಿಸೀದಿ ಯಾಕವ್ವ, ಸುಮ್ನೆ ಇಟ್ಕಳ್ಳಿ" ಅಂದರು. ಅಜ್ಜಿ ಹೇಳಿದರು: "ಹಂಗಾದ್ರೆ ನಿಮ್ ಪುಸ್ತಕದಾಗೂ ಇದಕ್ಕೆ ಜಾಗ ಇಲ್ಲ ಅಂತಾಯ್ತು. ತಗಂಡು ಹೋಗಪ್ಪ."

ಕವರ್ ವಾಪಸ್ ಹೋಯಿತು. ಆದರೆ ಎಲ್ಲರಿಗೂ ಇದು ಸಂತೋಷ ತರಲಿಲ್ಲ. ಇಬ್ಬರು ಸದಸ್ಯರು ಮೂರು ವಾರ ಸಭೆಗೆ ಬರಲಿಲ್ಲ. ಅವರಲ್ಲಿ ಒಬ್ಬರ ಗಂಡ ಆಸ್ಪತ್ರೆಯಲ್ಲಿದ್ದರು. ಅವರಿಗೆ ಆ ಎಂಟುನೂರು ಒಂಬೈನೂರು ರೂಪಾಯಿಯ ಬೆಲೆ ದೊಡ್ಡದಾಗಿತ್ತು. ಕಷ್ಟದಲ್ಲಿ ಇರುವವರನ್ನು ನಾವು ಬೈಯುವುದು ಬೇಡ. ಸಂಘ ಆಮೇಲೆ ಅವರ ಮನೆಗೆ ಹೋಗಿ, ತನ್ನ ಉಳಿತಾಯದಿಂದಲೇ ಆಂತರಿಕ ಸಾಲ ಕೊಟ್ಟಿತು. ಅವರು ಮರಳಿ ಬಂದರು.

ಇಂಥದೇ ಕವರ್ ಇಟ್ಟುಕೊಂಡ ಇನ್ನೊಂದು ಸಂಘವನ್ನೂ ನಾವು ನೋಡಿದ್ದೇವೆ. ಪುಸ್ತಕಕ್ಕೆ ಬಾರದ ದುಡ್ಡು ಯಾರ ಕೈಯಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಪ್ರತಿನಿಧಿಗೆ ಜಾಸ್ತಿ ಸಿಕ್ಕಿತಂತೆ ಎಂಬ ಮಾತು ಎದ್ದಿತು. ಹಂಚಿಕೆಯ ಜಗಳದಲ್ಲಿ ಸಾಲ ಕಟ್ಟುವುದು ನಿಂತಿತು. ಒಂದು ವರ್ಷದೊಳಗೆ ಆರು ವರ್ಷದ ಸಂಘ ಮುರಿಯಿತು.

ಅಜ್ಜಿ ಕೇಳಿದ ಪ್ರಶ್ನೆಯನ್ನೇ ಹಿಡಿದು ಮುಂದೆ ಹೋಗೋಣ.

ಅಭ್ಯರ್ಥಿಯ ಲೆಕ್ಕ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ – ನಮ್ಮ ಈ ನಾಲ್ಕೂ ಕಡೆ ಒಂದೊಂದು ವಿಧಾನಸಭಾ ಕ್ಷೇತ್ರವಿದೆ. ನಾಲ್ಕೂ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. 2022ರ ಜನವರಿಯಲ್ಲಿ ಆದ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ವಿಧಾನಸಭೆಗೆ ನಿಲ್ಲುವವರು 40 ಲಕ್ಷ ರೂ., ಲೋಕಸಭೆಗೆ ನಿಲ್ಲುವವರು 95 ಲಕ್ಷ ರೂ. ಮೀರಿ ಖರ್ಚು ಮಾಡುವಂತಿಲ್ಲ. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ ಮಾಡಿದ ಖರ್ಚು ಈ ಲೆಕ್ಕಕ್ಕೆ ಬರುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆ 1951ರ 77ನೇ ಕಲಮು ಇದನ್ನು ಹೇಳುತ್ತದೆ.

ಅಭ್ಯರ್ಥಿ ಏನೇನು ಮಾಡಬೇಕು?

1. ಚುನಾವಣೆ ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು.

2. ದಿನದ ಖರ್ಚನ್ನು ಅಂದಂದೇ ಪುಸ್ತಕದಲ್ಲಿ ಬರೆದು, ವೋಚರ್ ಇಡಬೇಕು.

3. ಇಡೀ ಚುನಾವಣೆಯಲ್ಲಿ ಒಬ್ಬರಿಗೆ 10 ಸಾವಿರ ರೂ. ಮೀರಿ ನಗದು ಕೊಡುವಂತಿಲ್ಲ. ಅದಕ್ಕಿಂತ ಹೆಚ್ಚಾದರೆ ಚೆಕ್ ಮೂಲಕ ಅಥವಾ ಬ್ಯಾಂಕ್ ಮೂಲಕವೇ ಕೊಡಬೇಕು.

4. ಪ್ರಚಾರದ ಸಮಯದಲ್ಲಿ ಮೂರು ಸಲ ಪುಸ್ತಕವನ್ನು ತಪಾಸಣೆಗೆ ತೋರಿಸಬೇಕು.

5. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಗೆದ್ದವರೂ ಕೊಡಬೇಕು, ಸೋತವರೂ ಕೊಡಬೇಕು. ನಮ್ಮ ಜಿಲ್ಲಾಧಿಕಾರಿಯವರೇ ಜಿಲ್ಲಾ ಚುನಾವಣಾಧಿಕಾರಿ.

ಅಭ್ಯರ್ಥಿ ಬರೆದದ್ದನ್ನು ಆಯೋಗ ಹಾಗೇ ನಂಬುವುದಿಲ್ಲ. ಹೊರಗಿನಿಂದ ವೆಚ್ಚ ವೀಕ್ಷಕರನ್ನು ಕಳಿಸುತ್ತದೆ. ಸಭೆಗಳ ವಿಡಿಯೋ ತೆಗೆಸುತ್ತದೆ. ಶಾಮಿಯಾನ, ಕುರ್ಚಿ, ಮೈಕು, ಬಸ್ಸು, ಊಟ-ತಿಂಡಿ ಎಲ್ಲಕ್ಕೂ ಜಿಲ್ಲೆಯಲ್ಲಿ ಒಂದು ದರಪಟ್ಟಿ ಮಾಡಿರುತ್ತಾರೆ. ಅಧಿಕಾರಿಗಳು ತಾವು ಕಂಡ ಖರ್ಚನ್ನು ಬೇರೊಂದು ಪುಸ್ತಕದಲ್ಲಿ ಬರೆದು, ಅಭ್ಯರ್ಥಿಯ ಪುಸ್ತಕದ ಜೊತೆ ತಾಳೆ ನೋಡುತ್ತಾರೆ. ನಮ್ಮ ಸಂಘದ ಪುಸ್ತಕವನ್ನು ಸದಸ್ಯರ ಪಾಸ್ ಬುಕ್ಕಿನ ಜೊತೆ ತಾಳೆ ನೋಡುವ ಹಾಗೆಯೇ ಇದು.

ಲೆಕ್ಕ ಕೊಡದೇ ಇದ್ದರೆ, ಅಥವಾ ಕಾಯ್ದೆಯಲ್ಲಿ ಹೇಳಿದ ರೀತಿಯಲ್ಲಿ ಕೊಡದಿದ್ದರೆ, 10ಎ ಕಲಮಿನ ಪ್ರಕಾರ ಆಯೋಗ ಅವರನ್ನು ಮೂರು ವರ್ಷ ಅನರ್ಹ ಮಾಡಬಹುದು. 2011ರಲ್ಲಿ ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಆಯೋಗ ಹೀಗೆ ಅನರ್ಹಗೊಳಿಸಿತು. ದುಡ್ಡು ಕೊಟ್ಟು ಪತ್ರಿಕೆಯಲ್ಲಿ ಹಾಕಿಸಿದ ಸುದ್ದಿಯ ಖರ್ಚನ್ನು ಅವರು ಲೆಕ್ಕದಲ್ಲಿ ತೋರಿಸಿರಲಿಲ್ಲ.

ಪಕ್ಷದ ಲೆಕ್ಕ

ಈಗ ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಿ. ಮಿತಿ ಇರುವುದು ಅಭ್ಯರ್ಥಿಗೆ ಮಾತ್ರ. ಪಕ್ಷ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಮಿತಿಯೇ ಇಲ್ಲ.

ಇದು ಹೇಗಾಯಿತು? 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕು ಎಂದು ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಆ ತೀರ್ಪಿನ ಬಲವನ್ನೇ ತೆಗೆದರು. 1996ರಲ್ಲಿ ಕಾಮನ್ ಕಾಸ್ ಎಂಬ ಸಂಸ್ಥೆ ಹಾಕಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ಪಕ್ಷಗಳು ಆದಾಯ ತೆರಿಗೆ ಲೆಕ್ಕ ಸಲ್ಲಿಸಲೇಬೇಕು ಎಂದು ಕಟ್ಟುನಿಟ್ಟಾಗಿ ಹೇಳಿತು. ಅಲ್ಲಿಯವರೆಗೆ ಅನೇಕ ಪಕ್ಷಗಳು ವರ್ಷಗಟ್ಟಲೆ ಲೆಕ್ಕವನ್ನೇ ಕೊಟ್ಟಿರಲಿಲ್ಲ. 2003ರಲ್ಲಿ ಕಾಯ್ದೆ ಮತ್ತೆ ಬದಲಾಯಿತು. ಪಕ್ಷದ ದೊಡ್ಡ ಪ್ರಚಾರಕರ ಪ್ರಯಾಣದ ಖರ್ಚು ಮಾತ್ರ ಅಭ್ಯರ್ಥಿಯ ಲೆಕ್ಕದಿಂದ ಹೊರಗೆ ಉಳಿಯಿತು.

ಈಗ ಪಕ್ಷಗಳು ಪಾಲಿಸಬೇಕಾದ ನಿಯಮಗಳು ಇವು:

– 20 ಸಾವಿರ ರೂ.ಗಿಂತ ಹೆಚ್ಚು ದೇಣಿಗೆ ಕೊಟ್ಟವರ ಪಟ್ಟಿಯನ್ನು ಪ್ರತಿ ವರ್ಷ ಚುನಾವಣಾ ಆಯೋಗಕ್ಕೆ ಕೊಡಬೇಕು.

– ತೆರಿಗೆ ವಿನಾಯಿತಿ ಬೇಕಾದರೆ ಚಾರ್ಟರ್ಡ್ ಅಕೌಂಟೆಂಟ್ ಕಡೆಯಿಂದ ಲೆಕ್ಕ ಪರಿಶೋಧನೆ ಮಾಡಿಸಬೇಕು. 2017ರ ತಿದ್ದುಪಡಿಯಿಂದ 2 ಸಾವಿರ ರೂ.ಗಿಂತ ಹೆಚ್ಚು ದೇಣಿಗೆಯನ್ನು ನಗದಾಗಿ ಪಡೆಯಬಾರದು.

– ಚುನಾವಣಾ ಆಯೋಗ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಆಡಿಟ್ ಆದ ವಾರ್ಷಿಕ ಲೆಕ್ಕವನ್ನು ಆಯೋಗಕ್ಕೂ ಸಲ್ಲಿಸಬೇಕು.

– ವಿಧಾನಸಭಾ ಚುನಾವಣೆ ಮುಗಿದ 75 ದಿನದೊಳಗೆ, ಲೋಕಸಭಾ ಚುನಾವಣೆ ಮುಗಿದ 90 ದಿನದೊಳಗೆ ಪಕ್ಷದ ಚುನಾವಣಾ ಖರ್ಚಿನ ವಿವರ ಕೊಡಬೇಕು.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ತೂತು ಎಲ್ಲಿದೆ ನೋಡಿ. 20 ಸಾವಿರದವರೆಗಿನ ದೇಣಿಗೆ ಯಾರು ಕೊಟ್ಟರು ಎಂದು ಆಯೋಗಕ್ಕೆ ಹೆಸರು ಕೊಡಬೇಕಾಗಿಲ್ಲ. ನಮ್ಮ ಸಂಘದಲ್ಲಿ ಇಪ್ಪತ್ತು ರೂಪಾಯಿಗೂ ಹೆಸರು ಬರೆಯುತ್ತೇವೆ. ಇನ್ನೊಂದು, ಪಕ್ಷದ ಲೆಕ್ಕವನ್ನು ಪರಿಶೋಧಿಸುವ ಆಡಿಟರನ್ನು ನೇಮಿಸುವುದು ಪಕ್ಷವೇ. 2013ರಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತವೆ ಎಂದು ಆದೇಶ ಕೊಟ್ಟಿತು. ಪಕ್ಷಗಳು ಅದನ್ನು ಪಾಲಿಸಲಿಲ್ಲ. ಬೇರೆ ವಿಷಯಗಳಲ್ಲಿ ಜಗಳವಾಡುವ ಪಕ್ಷಗಳು ಇದರಲ್ಲಿ ಮಾತ್ರ ಒಂದಾದವು.

ಚುನಾವಣಾ ಬಾಂಡ್ ಎಂದರೇನು?

2018ರಲ್ಲಿ ಕೇಂದ್ರ ಸರ್ಕಾರ ಚುನಾವಣಾ ಬಾಂಡ್ ಯೋಜನೆ ತಂದಿತು. ಒಬ್ಬ ವ್ಯಕ್ತಿ ಅಥವಾ ಕಂಪನಿ ಸ್ಟೇಟ್ ಬ್ಯಾಂಕಿನಲ್ಲಿ ಬಾಂಡ್ ಕೊಂಡು ಪಕ್ಷಕ್ಕೆ ಕೊಡಬಹುದಿತ್ತು. ಪಕ್ಷ 15 ದಿನದೊಳಗೆ ಅದನ್ನು ನಗದು ಮಾಡಿಕೊಳ್ಳಬೇಕಿತ್ತು. ಬಾಂಡಿನ ಮೇಲೆ ಕೊಟ್ಟವರ ಹೆಸರು ಇರುತ್ತಿರಲಿಲ್ಲ. ಬ್ಯಾಂಕಿಗೆ ಗೊತ್ತು, ಮತದಾರರಿಗೆ ಗೊತ್ತಿಲ್ಲ. ಈ ರೀತಿ ಒಟ್ಟು ಸುಮಾರು 16,518 ಕೋಟಿ ರೂ.ಗಳ ಬಾಂಡ್ ಮಾರಾಟವಾಯಿತು.

ಪ್ರಜಾಪ್ರಭುತ್ವ ಸುಧಾರಣಾ ಸಂಘ (ಎ.ಡಿ.ಆರ್.), ಕಾಮನ್ ಕಾಸ್ ಮುಂತಾದವರು ಸುಪ್ರೀಂ ಕೋರ್ಟಿಗೆ ಹೋದರು. 2024ರ ಫೆಬ್ರವರಿ 15ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ ಈ ಯೋಜನೆಯನ್ನು ರದ್ದುಪಡಿಸಿತು. ಪಕ್ಷಕ್ಕೆ ದುಡ್ಡು ಯಾರು ಕೊಡುತ್ತಾರೆ ಎಂದು ತಿಳಿಯುವುದು ಮತದಾರರ ಹಕ್ಕು, ಅದು ಸಂವಿಧಾನದ 19(1)(ಎ) ವಿಧಿಯಲ್ಲೇ ಇದೆ ಎಂದು ಕೋರ್ಟ್ ಹೇಳಿತು. ಆಮೇಲೆ 2024ರ ಮಾರ್ಚಿನಲ್ಲಿ, 2019ರ ಏಪ್ರಿಲ್‌ನಿಂದ ಬಾಂಡ್ ಕೊಂಡವರ ಮತ್ತು ಪಡೆದ ಪಕ್ಷಗಳ ಪಟ್ಟಿ ಎಲ್ಲರಿಗೂ ಸಿಗುವಂತಾಯಿತು.

ಅಜ್ಜಿ ಕೇಳಿದ್ದೂ ಇದನ್ನೇ ತಾನೇ? "ಯಾರ ಹೆಸರಿಗೆ ರಸೀದಿ?" ಹಳ್ಳಿಯ ಚಾಪೆ ಮೇಲೆ ಕೇಳಿದ ಪ್ರಶ್ನೆಯನ್ನೇ ದೆಹಲಿಯ ದೊಡ್ಡ ಕೋರ್ಟೂ ಕೇಳಿತು.

ಕೋರ್ಟು ಏನು ಮಾಡುತ್ತದೆ?

ಬ್ರೆಜಿಲ್ ದೇಶದಲ್ಲಿ ಚುನಾವಣೆಗೆಂದೇ ಬೇರೆ ನ್ಯಾಯಾಲಯಗಳಿವೆ. 1932ರಲ್ಲಿ ಅವು ಹುಟ್ಟಿದವು. ಅಲ್ಲಿ ಪಕ್ಷಗಳು ಪ್ರತಿ ವರ್ಷ ತಮ್ಮ ಲೆಕ್ಕವನ್ನು ಆ ನ್ಯಾಯಾಲಯಕ್ಕೇ ಒಪ್ಪಿಸಬೇಕು. ನ್ಯಾಯಾಲಯ ಲೆಕ್ಕವನ್ನು ಒಪ್ಪಬಹುದು, ತಿರಸ್ಕರಿಸಲೂಬಹುದು. 2015ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಕಂಪನಿಗಳು ಚುನಾವಣೆಗೆ ದೇಣಿಗೆ ಕೊಡುವುದನ್ನೇ ನಿಲ್ಲಿಸಿತು.

ನಮ್ಮಲ್ಲಿ ಹಾಗೆ ಬೇರೆ ಕೋರ್ಟ್ ಇಲ್ಲ. ಲೆಕ್ಕ ನೋಡುವ ಕೆಲಸ ಚುನಾವಣಾ ಆಯೋಗದ್ದು. ಗೆದ್ದವರ ಆಯ್ಕೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಹೈಕೋರ್ಟಿನದು. ಅದಕ್ಕೆ ಹಾಕುವ ಅರ್ಜಿಗೆ ಚುನಾವಣಾ ತಕರಾರು ಅರ್ಜಿ ಎನ್ನುತ್ತಾರೆ. ಫಲಿತಾಂಶದ 45 ದಿನದೊಳಗೆ ಇದನ್ನು ಹಾಕಬೇಕು. ಸೋತ ಅಭ್ಯರ್ಥಿ ಮಾತ್ರವಲ್ಲ, ಆ ಕ್ಷೇತ್ರದ ಯಾವ ಮತದಾರರು ಬೇಕಾದರೂ ಹಾಕಬಹುದು. ಮತದಾರರಿಗೆ ದುಡ್ಡು, ಸಾಮಾನು ಕೊಡುವುದು, ಖರ್ಚಿನ ಮಿತಿ ಮೀರುವುದು – ಇವು ಕಾಯ್ದೆಯಲ್ಲಿ ಭ್ರಷ್ಟ ಆಚರಣೆಗಳು. ಸಾಬೀತಾದರೆ ಆಯ್ಕೆ ರದ್ದಾಗುತ್ತದೆ. ಆರು ವರ್ಷದವರೆಗೆ ಚುನಾವಣೆಗೆ ನಿಲ್ಲದಂತೆ ಮಾಡಬಹುದು.

ನಮ್ಮ ರಾಜ್ಯದ ಎರಡು ಪ್ರಕರಣ ನೋಡೋಣ.

ಮೊದಲನೆಯದು ಮಂಡ್ಯ ಜಿಲ್ಲೆಯ ನಾಗಮಂಗಲ ಕ್ಷೇತ್ರದ್ದು. 1994ರ ವಿಧಾನಸಭಾ ಚುನಾವಣೆಯ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಲೆಕ್ಕವನ್ನು ಸರಿಯಾಗಿ ಬರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಕೋರ್ಟು ಆಯ್ಕೆಯನ್ನು ರದ್ದು ಮಾಡಲಾಗದು, ಮಿತಿ ಮೀರಿದ್ದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದರ ಜೊತೆಗೆ ಇನ್ನೊಂದು ದೊಡ್ಡ ಮಾತನ್ನೂ ಹೇಳಿತು. ಅಭ್ಯರ್ಥಿ ಕೊಟ್ಟ ಲೆಕ್ಕ ನಿಜವೋ ಸುಳ್ಳೋ ಎಂದು ಚುನಾವಣಾ ಆಯೋಗ ಒಳಹೊಕ್ಕು ನೋಡಬಹುದು. ಕಾಗದ ಬಂತು, ಫೈಲಿಗೆ ಹಾಕಿದೆವು ಎಂದು ಸುಮ್ಮನಿರಬೇಕಾಗಿಲ್ಲ. 2014ರಲ್ಲಿ ಮಹಾರಾಷ್ಟ್ರದ ಅಶೋಕ್ ಚವಾಣ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಇದೇ ಮಾತನ್ನು ಎತ್ತಿ ಹಿಡಿಯಿತು.

ಎರಡನೆಯದು ನಮ್ಮ ಪಕ್ಕದ ತುಮಕೂರು ಜಿಲ್ಲೆಯದು. ತುಮಕೂರು ಗ್ರಾಮಾಂತರ ಕ್ಷೇತ್ರದಲ್ಲಿ 2018ರಲ್ಲಿ ಗೆದ್ದ ಡಿ.ಸಿ. ಗೌರಿಶಂಕರ್ ಅವರ ಆಯ್ಕೆಯನ್ನು ಕರ್ನಾಟಕ ಹೈಕೋರ್ಟ್ 2023ರ ಮಾರ್ಚ್ 30ರಂದು ರದ್ದುಪಡಿಸಿತು. ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಲಾಗಿತ್ತು ಎಂಬುದು ಅಲ್ಲಿನ ದೂರು. ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗಲು ಅವರಿಗೆ ಒಂದು ತಿಂಗಳ ಕಾಲಾವಕಾಶವನ್ನೂ ಹೈಕೋರ್ಟ್ ಕೊಟ್ಟಿತು.

ಇದರಲ್ಲಿ ನಮಗೆ ಎರಡು ಪಾಠ ಇವೆ. ಒಂದು, ವಿಮೆ ಎಂದರೆ ನಮಗೆ ನಂಬಿಕೆ. ವಿಮೆಗೂ ಪಾಲಿಸಿ ನಂಬರ್, ಕಂತು, ರಸೀದಿ ಇರಬೇಕು ಎಂದು ನಾವು ಕೇಳಲೇಬೇಕು. ಎರಡು, ಈ ತೀರ್ಪು ಬಂದಿದ್ದು ಹೊಸ ಚುನಾವಣೆಯ ದಿನಾಂಕ ಘೋಷಣೆಯಾದ ಮರುದಿನ. ಇಂಥ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಇಲ್ಲಿ ಹತ್ತಿರ ಹತ್ತಿರ ಐದು ವರ್ಷ ಆಯಿತು. ಕೋರ್ಟಿನ ಬಾಗಿಲು ತೆರೆದಿದೆ, ಆದರೆ ದಾರಿ ಉದ್ದ. ಆದ್ದರಿಂದ ಕೋರ್ಟು ನೋಡಿಕೊಳ್ಳುತ್ತದೆ ಎಂದು ನಾವು ಸುಮ್ಮನೆ ಕೂರುವಂತಿಲ್ಲ.

ನಮಗೇನು ಸಂಬಂಧ?

ಕೆಲವು ಸಹೋದರಿಯರು ಕೇಳ್ತಾರೆ: "ಅವರ ದುಡ್ಡು, ಅವರು ಸುರೀತಾರೆ. ಬಂದದ್ದು ತಗೊಂಡು, ನಮಗೆ ಬೇಕಾದವರಿಗೆ ಓಟು ಹಾಕಿದ್ರೆ ಆಯ್ತು."

ಯೋಚನೆ ಮಾಡಿ. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಎಂಬ ಗಾದೆ ಇದೆ. ಚುನಾವಣೆಯಲ್ಲಿ ಇದು ತಿರುಗುಮುರುಗು. ಕೊಟ್ಟವನು ಕೋಡಂಗಿ ಆಗುವುದಿಲ್ಲ. ಸುರಿದ ದುಡ್ಡನ್ನು ಬಡ್ಡಿ ಸಮೇತ ತೆಗೆಯಲು ನೋಡುತ್ತಾನೆ. ಊರಿನ ರಸ್ತೆ, ಚೆಕ್ ಡ್ಯಾಮ್, ಕುಡಿಯುವ ನೀರಿನ ಪೈಪು, ಅಂಗನವಾಡಿ ಕಟ್ಟಡ – ಯಾವ ಕಾಮಗಾರಿಯಿಂದ ಅದು ಹೊರಡುತ್ತದೆ ಎಂದು ಹೇಳಲಾಗದು. ಆಮೇಲೆ ನಾವು ಕೇಳಲು ಹೋದರೆ, "ಅವತ್ತೇ ಕೊಟ್ಟಿದ್ದೀವಲ್ಲ" ಎಂಬ ಉತ್ತರ ಬರುತ್ತದೆ. ಎಂಟುನೂರು ರೂಪಾಯಿಯನ್ನು ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಐವತ್ತು ಪೈಸೆಯೂ ಬರುವುದಿಲ್ಲ. ಕೇಳುವ ಬಾಯಿಗೆ ಅಷ್ಟೇ ಬೆಲೆಯಾ?

ನಮ್ಮಲ್ಲಿ ಅನ್ನದ ಋಣ ದೊಡ್ಡದು. ಉಪ್ಪು ತಿಂದ ಮನೆಗೆ ದ್ರೋಹ ಬಗೆಯಬಾರದು ಎಂದು ಬೆಳೆದವರು ನಾವು. ನಮ್ಮ ಈ ಒಳ್ಳೇತನವನ್ನೇ ಅವರು ಹಿಡಿಯುವುದು. ತೆಂಗಿನಕಾಯಿ, ಅರಿಶಿನ ಕುಂಕುಮ, ದೇವರ ಫೋಟೋ ಮುಂದಿಟ್ಟು ಆಣೆ ಮಾಡಿಸಿಕೊಂಡರೆ ಎಷ್ಟೋ ಜನ ಹೆದರುತ್ತಾರೆ. ತಪ್ಪು ಕೆಲಸಕ್ಕೆ ಹಾಕಿಸಿದ ಆಣೆಗೆ ದೇವರು ಸಾಕ್ಷಿಯಲ್ಲ. ಓಟು ಗುಟ್ಟಿನದು, ಮನಸ್ಸಾಕ್ಷಿಯದು.

2023ರ ವಿಧಾನಸಭಾ ಚುನಾವಣೆ ಸಮಯದಲ್ಲಿ ಕರ್ನಾಟಕದಲ್ಲಿ ನಗದು, ಮದ್ಯ, ಚಿನ್ನ-ಬೆಳ್ಳಿ, ಉಡುಗೊರೆ ಎಲ್ಲ ಸೇರಿ 375 ಕೋಟಿ ರೂ.ಗೂ ಹೆಚ್ಚು ಮೌಲ್ಯದ್ದನ್ನು ವಶಪಡಿಸಿಕೊಂಡರು. ಇದು ಸಿಕ್ಕಿಬಿದ್ದದ್ದು ಮಾತ್ರ.

ಓಟಿಗಾಗಿ ದುಡ್ಡು ಕೊಡುವುದು ಹೇಗೆ ಅಪರಾಧವೋ, ಪಡೆಯುವುದೂ ಹಾಗೇ ಅಪರಾಧ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದಕ್ಕೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಇದೆ. ಸಂಘದ ಹೆಸರಿನಲ್ಲಿ ಪಡೆದರೆ ಪ್ರತಿನಿಧಿಗಳ ಕುತ್ತಿಗೆಗೇ ಬರುತ್ತದೆ.

ನಾವು ಏನು ಮಾಡಬಹುದು?

1. ಲೆಕ್ಕ ನೋಡಬಹುದು. ಅಭ್ಯರ್ಥಿ ಲೆಕ್ಕ ಕೊಟ್ಟ ಎರಡು ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿ ನೋಟಿಸ್ ಬೋರ್ಡಿಗೆ ಹಾಕಬೇಕು. ಒಂದು ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಆ ಲೆಕ್ಕವನ್ನು ನೋಡಬಹುದು. ಬೇರೆ ಶುಲ್ಕ ಕೊಟ್ಟು ನಕಲನ್ನೂ ಪಡೆಯಬಹುದು. 1961ರ ಚುನಾವಣಾ ನಿಯಮಗಳಲ್ಲಿ ಇದು ಇದೆ. ನಮ್ಮೂರಿನಲ್ಲಿ ನಡೆದ ಸಭೆಗೆ ಎಷ್ಟು ಬಸ್ಸು, ಎಷ್ಟು ಊಟ ತೋರಿಸಿದ್ದಾರೆ ಎಂದು ನೋಡಿದರೆ ಕಣ್ಣು ತೆರೆಯುತ್ತದೆ.

2. ದೂರು ಕೊಡಬಹುದು. 1950 ನಂಬರಿಗೆ ಫೋನ್ ಮಾಡಬಹುದು. ಮೊಬೈಲಿನಲ್ಲಿ ಸಿ-ವಿಜಿಲ್ ಆ್ಯಪ್ ಇದ್ದರೆ ಫೋಟೋ ತೆಗೆದು ಕಳಿಸಬಹುದು. ಹೆಸರು ಹೇಳದೆಯೂ ದೂರು ಕೊಡಲು ಬರುತ್ತದೆ. ಒಬ್ಬರೇ ಮುಂದೆ ಹೋಗಿ ತೊಂದರೆಗೆ ಸಿಕ್ಕುವುದು ಬೇಡ. ಒಕ್ಕೂಟದಲ್ಲಿ ಮಾತಾಡಿ, ಒಟ್ಟಾಗಿ ಹೋಗೋಣ.

3. ಸಂಘದ ದುಡ್ಡಿಗೆ ದಾಖಲೆ ಇಟ್ಟುಕೊಳ್ಳೋಣ. ನೀತಿ ಸಂಹಿತೆ ಇರುವಾಗ ಚೆಕ್ ಪೋಸ್ಟ್‌ಗಳಲ್ಲಿ 50 ಸಾವಿರ ರೂ. ಮೀರಿದ ನಗದಿಗೆ ದಾಖಲೆ ಕೇಳುತ್ತಾರೆ. ಬ್ಯಾಂಕಿನಿಂದ ಸಾಲದ ಹಣ ತರುವಾಗ ಪಾಸ್ ಬುಕ್, ಹಣ ತೆಗೆದ ಚೀಟಿ, ಸಭೆಯ ನಡಾವಳಿಯ ನಕಲು ಜೊತೆಯಲ್ಲಿರಲಿ. ಹಾಗೂ ಹಣ ಹಿಡಿದುಕೊಂಡರೆ ರಸೀದಿ ಕೇಳಿ ಪಡೆಯಿರಿ. ಬಿಡಿಸಿಕೊಳ್ಳಲು ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಡಬಹುದು.

4. ಸಂಘವನ್ನು ಯಾರೂ ಬಾಡಿಗೆಗೆ ತೆಗೆದುಕೊಳ್ಳದಂತೆ ನೋಡಿಕೊಳ್ಳೋಣ. ಸದಸ್ಯರು ತಮಗೆ ಇಷ್ಟವಾದ ಪಕ್ಷದ ಸಭೆಗೆ ಹೋಗಲಿ, ಅದು ಅವರ ಹಕ್ಕು. ಆದರೆ ಸಂಘದ ಹೆಸರು, ಬ್ಯಾನರು, ಪಟ್ಟಿ ಯಾರ ಕೈಗೂ ಹೋಗಬಾರದು.

ದೇವರ ವಾಕ್ಯದ ಬೆಳಕಿನಲ್ಲಿ

ನಮ್ಮ ಸಂಘಗಳಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದೇವೆ. ಲೆಕ್ಕದ ಶುದ್ಧಿಯನ್ನು ಎಲ್ಲ ಧರ್ಮಗಳೂ ಹೇಳುತ್ತವೆ. ಸಂತ ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಒಬ್ಬ ಯಜಮಾನ ತನ್ನ ಮೇಸ್ತ್ರಿಯನ್ನು ಕರೆದು ಲೆಕ್ಕ ಕೇಳುವ ಸಾಮತಿ ಇದೆ. ಪ್ರಜಾಪ್ರಭುತ್ವದಲ್ಲಿ ಯಜಮಾನರು ನಾವೇ. ಗೆದ್ದು ಹೋದವರು ನಮ್ಮ ಮೇಸ್ತ್ರಿಗಳು. ಸಂತ ಪೌಲನು ಬಡವರಿಗಾಗಿ ಕೂಡಿಸಿದ ಹಣವನ್ನು ಸಾಗಿಸುವಾಗ, ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ಆರಿಸಿದ ನಂಬಿಕಸ್ಥರನ್ನು ಜೊತೆಗೆ ಕಳಿಸಿದನು ಎಂದು ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಓದುತ್ತೇವೆ. ಸಂತನಿಗೇ ಸಾಕ್ಷಿ ಬೇಕಾಗಿದ್ದರೆ, ಉಳಿದವರ ಮಾತೇನು?

ಚರ್ಚೆಗೆ ಪ್ರಶ್ನೆಗಳು

1. ಕಳೆದ ಚುನಾವಣೆಯಲ್ಲಿ ನಮ್ಮ ಊರಿಗೆ ಏನೇನು ಬಂತು? ಅದರಿಂದ ಸಂಘದ ಒಗ್ಗಟ್ಟಿಗೆ ಏನಾಯಿತು?

2. ಅಭ್ಯರ್ಥಿಗೆ ಖರ್ಚಿನ ಮಿತಿ ಇದೆ, ಪಕ್ಷಕ್ಕೆ ಇಲ್ಲ. ಇದು ಸರಿಯೇ?

3. ನಮ್ಮ ಸಂಘದ ಆಡಿಟ್ ಯಾವಾಗ ಆಯಿತು? ಎಲ್ಲ ಸದಸ್ಯರಿಗೂ ಓದಿ ಹೇಳಿದ್ದೇವೆಯೇ?

4. ಕಷ್ಟದಲ್ಲಿರುವ ಸದಸ್ಯೆ ಚುನಾವಣೆ ದುಡ್ಡಿಗೆ ಕೈ ಚಾಚದಂತೆ ಸಂಘ ಅವರಿಗೆ ಹೇಗೆ ನೆರವಾಗಬಹುದು?

ನಮ್ಮ ನಿರ್ಧಾರ

ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ನಮ್ಮ ಪುಸ್ತಕ ಸರಿ ಇಲ್ಲದೆ ಬೇರೆಯವರ ಪುಸ್ತಕ ಕೇಳಲು ಬಾಯಿ ಬರುವುದಿಲ್ಲ. ಮುಂದಿನ ಸಭೆಯಲ್ಲಿ ಈ ಪಾಠವನ್ನು ಓದಿ, ನಡಾವಳಿ ಪುಸ್ತಕದಲ್ಲಿ ಒಂದು ಠರಾವು ಬರೆಯೋಣ: "ರಸೀದಿ ಬರೆಯಲಾಗದ ಯಾವ ಹಣವನ್ನೂ ನಮ್ಮ ಸಂಘ ಮುಟ್ಟುವುದಿಲ್ಲ." ಎಲ್ಲರೂ ಸಹಿ ಹಾಕೋಣ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ. ಆ ಅಜ್ಜಿ ಒತ್ತಿದ್ದೂ ಹೆಬ್ಬೆಟ್ಟೇ.